ಎನ್‌ಜಿಒದಲ್ಲಿ ಎಚ್‌ಆರ್ ಪಾರ್ಟ್ನರ್ ಆಗಿದ್ದೀರಾ? ಮೊದಲು ಗ್ರಾಂಟ್ ಪತ್ರ ಓದಿ

ಸೇವಾ ಸಂಸ್ಥೆಯೊಂದರಲ್ಲಿ ಎಚ್‌ಆರ್ ಕೆಲಸಕ್ಕೆ ಸೇರಿ ಇನ್ನೂ ಎರಡು ವಾರ ಆಗಿರಲಿಲ್ಲ. ಆರು ವರ್ಷದಿಂದ ಫೀಲ್ಡ್‌ನಲ್ಲಿದ್ದ ಒಬ್ಬರು ರಾಜೀನಾಮೆ ಪತ್ರ ತಂದುಕೊಟ್ಟರು. ಕೆಲಸ ಬೇಜಾರಾಯಿತಾ ಅಂತ ಕೇಳಿದೆ. "ಕೆಲಸ ಬೇಜಾರಿಲ್ಲ ಮೇಡಂ, ಕಾಯೋದು ಬೇಜಾರು. ಆರು ವರ್ಷದಲ್ಲಿ ಒಂಬತ್ತು ಕಾಂಟ್ರಾಕ್ಟ್‌ಗೆ ಸಹಿ ಹಾಕಿದ್ದೇನೆ. ಪ್ರತಿ ಸಲ ಕೊನೇ ವಾರದವರೆಗೂ ಮುಂದಿನ ತಿಂಗಳು ಸಂಬಳ ಇದೆಯೋ ಇಲ್ಲವೋ ಗೊತ್ತಾಗಲ್ಲ" ಅಂದರು. ಅವರು ಹೋದ ಮೇಲೆ ಅಕೌಂಟ್ಸ್‌ನವರನ್ನು ವಿಚಾರಿಸಿದೆ. ರಾಜೀನಾಮೆ ಕೊಟ್ಟವರ ಪ್ರಾಜೆಕ್ಟ್‌ನ ಗ್ರಾಂಟ್, ಅಂದರೆ ಫಂಡರ್ (ದುಡ್ಡು ಕೊಡುವ ದಾನಿ) ಕೊಡುವ ಹಣ, ಎರಡು ತಿಂಗಳ ಹಿಂದೆಯೇ ಇನ್ನೂ ಎರಡು ವರ್ಷಕ್ಕೆ ಮಂಜೂರಾಗಿತ್ತು. ಆ ಪತ್ರ ಯಾರದೋ ಇನ್‌ಬಾಕ್ಸ್‌ನಲ್ಲಿ ಕೂತಿತ್ತು. ಅವರಿಗೆ ತಿಳಿಸುವುದು ತನ್ನ ಕೆಲಸ ಅಂತ ಯಾರಿಗೂ ಅನ್ನಿಸಿರಲಿಲ್ಲ.

ಹಾಗಾದರೆ ಅದು ಯಾರ ಕೆಲಸ? ಎಚ್‌ಆರ್ ಪಾರ್ಟ್ನರ್‌ದು. ಲಾಭ ನೋಡದ ಸಂಸ್ಥೆಯಲ್ಲಿ ಈ ಹುದ್ದೆ ಇರುವುದು ದುಡ್ಡಿನ ಕಾಗದ ಮತ್ತು ದುಡಿಯುವ ಮನುಷ್ಯ, ಇವೆರಡರ ನಡುವೆ. ಈ ಎರಡಕ್ಕೂ ಗಂಟು ಹಾಕದೆ ನೀವು ಎಷ್ಟೇ ಪಾಲಿಸಿ ಬರೆದರೂ, ಎಷ್ಟೇ ಟ್ರೈನಿಂಗ್ ಮಾಡಿಸಿದರೂ ಜನ ಕಾಯುತ್ತಾ ಕೂತಿರುತ್ತಾರೆ. ಕೊನೆಗೆ ಎದ್ದು ಹೋಗುತ್ತಾರೆ. ಹೊಸದಾಗಿ ಈ ಹುದ್ದೆಗೆ ಬಂದವರು, ಬರಬೇಕೆಂದಿರುವವರು, ಇಂಥ ಒಬ್ಬರನ್ನು ನೇಮಿಸಿಕೊಳ್ಳಬೇಕೆಂದಿರುವ ಸಂಸ್ಥೆಯವರು, ಮೂವರಿಗೂ ಉಪಯೋಗ ಆಗಲಿ ಅಂತ ಇದನ್ನು ಬರೆದಿದ್ದೇನೆ.

ಪಾರ್ಟ್ನರ್ ಅಂದರೆ ಏನು?

ಹೆಸರಿನ ಹಿಂದೆ ಸ್ವಲ್ಪ ಚರಿತ್ರೆ ಇದೆ. 1997ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಪ್ರೊಫೆಸರ್ ಡೇವ್ ಅಲ್ರಿಚ್ ಎಚ್‌ಆರ್‌ಗೆ ನಾಲ್ಕು ಪಾತ್ರಗಳಿವೆ ಎಂದರು. ಕಾಗದ ಪತ್ರದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವುದು, ನೌಕರರ ದನಿಯಾಗುವುದು, ಬದಲಾವಣೆಯನ್ನು ನಡೆಸಿಕೊಡುವುದು, ಸಂಸ್ಥೆ ಎತ್ತ ಹೋಗಬೇಕು ಎಂದು ತೀರ್ಮಾನಿಸುವವರ ಜೊತೆ ಕೂರುವುದು. ಕಂಪನಿಗಳಲ್ಲಿ ಬಿಸಿನೆಸ್ ಪಾರ್ಟ್ನರ್ ಅನ್ನುವ ಹುದ್ದೆ ಬೆಳೆದದ್ದು ಈ ಯೋಚನೆಯಿಂದ. ದೊಡ್ಡ ಕಂಪನಿಯಲ್ಲಿ ಈ ನಾಲ್ಕಕ್ಕೂ ಬೇರೆ ಬೇರೆ ಜನ ಇರುತ್ತಾರೆ. ಎನ್‌ಜಿಒದಲ್ಲಿ ನಾಲ್ಕೂ ನೀವೇ. ಬೆಳಿಗ್ಗೆ ರಜೆ ಲೆಕ್ಕ, ಮಧ್ಯಾಹ್ನ ಬೋರ್ಡ್ (ಆಡಳಿತ ಮಂಡಳಿ) ಮೀಟಿಂಗ್. ನಡುವೆ ಯಾರೋ ಅಳುತ್ತಾ ಒಳಗೆ ಬರುತ್ತಾರೆ.

ಇದರಲ್ಲಿ ಒಂದು ಅಪಾಯ ಇದೆ. ರಜೆ ಲೆಕ್ಕಕ್ಕೆ ಗಡುವು ಇರುತ್ತದೆ, ಯೋಚನೆಗೆ ಗಡುವು ಇರುವುದಿಲ್ಲ. ಹಾಗಾಗಿ ಕಾಗದದ ಕೆಲಸ ದಿನವನ್ನೆಲ್ಲ ನುಂಗಿಬಿಡುತ್ತದೆ. ನಾನು ಮಾಡಿಕೊಂಡ ಉಪಾಯ ತುಂಬಾ ಸರಳ. ವಾರದಲ್ಲಿ ಎರಡು ಅರ್ಧ ದಿನ ಫೈಲ್ ಮುಟ್ಟುವುದಿಲ್ಲ. ಆ ಹೊತ್ತು ಮ್ಯಾನೇಜರ್‌ಗಳ ಜೊತೆ, ಫೀಲ್ಡ್‌ನವರ ಜೊತೆ. ಆ ಎರಡು ಅರ್ಧ ದಿನ ಉಳಿಸಿಕೊಳ್ಳದಿದ್ದರೆ ಬಾಗಿಲಿನ ಹೆಸರಿನ ಫಲಕದ ಮೇಲೆ ಪಾರ್ಟ್ನರ್ ಅಂತ ಇದ್ದರೂ ಒಳಗೆ ನೀವು ಗುಮಾಸ್ತರೇ.

ಮೊದಲ ತಿಂಗಳು: ಒಂದೇ ಒಂದು ಪಟ್ಟಿ

ಹೊಸಬರು ಸಾಮಾನ್ಯವಾಗಿ ಎಚ್‌ಆರ್ ಮ್ಯಾನ್ಯುಯಲ್ ತಿದ್ದುವುದರಿಂದ ಶುರು ಮಾಡುತ್ತಾರೆ. ಬೇಡ. ಅದು ಆರು ತಿಂಗಳು ಕಾಯುತ್ತದೆ, ಏನೂ ಆಗಲ್ಲ. ಮೊದಲು ಅಕೌಂಟ್ಸ್ ವಿಭಾಗಕ್ಕೆ ಹೋಗಿ, ಸದ್ಯ ನಡೆಯುತ್ತಿರುವ ಎಲ್ಲ ಗ್ರಾಂಟ್ ಒಪ್ಪಂದಗಳನ್ನು ಕೇಳಿ ತೆಗೆದುಕೊಳ್ಳಿ. ಪೂರ್ತಿ ಓದಿ. ಸಂಬಳಕ್ಕೆ ಎಷ್ಟು ಇಟ್ಟಿದ್ದಾರೆ, ಬಜೆಟ್‌ನ ಒಂದು ಬಾಬ್ತಿನಿಂದ ಇನ್ನೊಂದಕ್ಕೆ ದುಡ್ಡು ತಿರುಗಿಸಲು ಎಷ್ಟು ಅವಕಾಶ ಇದೆ, ಪ್ರಾಜೆಕ್ಟ್ ಮುಗಿದಾಗ ನೌಕರರಿಗೆ ಕೊಡಬೇಕಾದ ಬಾಕಿಯನ್ನು ಫಂಡರ್ ಒಪ್ಪುತ್ತಾರೋ ಇಲ್ಲವೋ, ಮುಖ್ಯ ಹುದ್ದೆಯವರು ಬದಲಾದರೆ ಫಂಡರ್‌ಗೆ ತಿಳಿಸಬೇಕೋ ಇಲ್ಲವೋ. ಇಷ್ಟನ್ನು ಗುರುತು ಹಾಕಿಕೊಳ್ಳಿ.

ಆಮೇಲೆ ಒಂದು ಪಟ್ಟಿ ಮಾಡಿ. ಎಕ್ಸೆಲ್ ಸಾಕು, ದುಬಾರಿ ಸಾಫ್ಟ್‌ವೇರ್ ಏನೂ ಬೇಡ. ಒಂದೊಂದು ಸಾಲು ಒಬ್ಬೊಬ್ಬರಿಗೆ. ಹೆಸರು, ಹುದ್ದೆ, ಯಾವ ಯಾವ ಗ್ರಾಂಟ್‌ನಿಂದ ಶೇಕಡ ಎಷ್ಟು ಸಂಬಳ, ಆ ಗ್ರಾಂಟ್ ಮುಗಿಯುವ ದಿನ, ಅವರ ಕಾಂಟ್ರಾಕ್ಟ್ ಮುಗಿಯುವ ದಿನ, ಕೊನೆಯದಾಗಿ "ಇವರ ಜೊತೆ ಮಾತಾಡಿದ ದಿನ". ಈ ಕೊನೆಯ ಕಾಲಂ ನಾನು ಆ ರಾಜೀನಾಮೆಯ ನಂತರ ಸೇರಿಸಿದ್ದು.

ಉದಾಹರಣೆಗೆ ಒಬ್ಬ ಕೋಆರ್ಡಿನೇಟರ್ ಸಂಬಳದಲ್ಲಿ ಶೇ. 50 ಒಂದು ಗ್ರಾಂಟ್‌ನಿಂದ, ಶೇ. 30 ಇನ್ನೊಂದರಿಂದ, ಶೇ. 20 ಮತ್ತೊಂದರಿಂದ ಬರುತ್ತಿದೆ ಅಂದುಕೊಳ್ಳಿ. ಎರಡನೆಯದು ನಾಲ್ಕು ತಿಂಗಳಲ್ಲಿ ಮುಗಿಯುತ್ತದೆ. ಅಕೌಂಟ್ಸ್‌ನವರಿಗೆ ಅದು ಶೇ. 30ರ ಕೊರತೆ. ಆದರೆ ಮನುಷ್ಯನನ್ನು ಶೇ. 70 ಮಾಡಲು ಬರುತ್ತದೆಯೇ? ಅವರು ವಾರಕ್ಕೆ ಮೂರೂವರೆ ದಿನ ಬರಬೇಕಾ? ಉಳಿದ ಎರಡು ಗ್ರಾಂಟ್‌ಗಳಲ್ಲಿ ನಿಜವಾಗಿಯೂ ಹೆಚ್ಚು ಕೆಲಸ ಇದೆಯಾ? ಹಣ ಕೇಳಿ ಫಂಡರ್‌ಗೆ ಕಳಿಸುವ ಹೊಸ ಪ್ರಸ್ತಾವನೆಯಲ್ಲಿ ಈ ಹುದ್ದೆಯನ್ನು ಸೇರಿಸಬಹುದಾ? ನಾಲ್ಕು ತಿಂಗಳು ಮೊದಲೇ ಕೇಳಿದರೆ ಇವೆಲ್ಲ ಪ್ರಶ್ನೆಗಳು. ಕೊನೇ ವಾರ ಕೇಳಿದರೆ ಬರೀ ಕೆಟ್ಟ ಸುದ್ದಿ.

ಟೈಮ್‌ಶೀಟ್, ಅಂದರೆ ಯಾವ ಗ್ರಾಂಟ್‌ನ ಕೆಲಸಕ್ಕೆ ಎಷ್ಟು ಹೊತ್ತು ಹೋಯಿತು ಅಂತ ನೌಕರರು ತುಂಬುವ ಹಾಳೆ, ಅದರ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಬಜೆಟ್‌ನಲ್ಲಿ 50–30–20 ಅಂತ ಇದೆ ಎಂದು ಪ್ರತಿ ತಿಂಗಳೂ ಕಣ್ಣು ಮುಚ್ಚಿ 50–30–20 ಅಂತಲೇ ತುಂಬಿಸುವ ಅಭ್ಯಾಸ ಎಷ್ಟೋ ಕಡೆ ಇದೆ. ಆಡಿಟ್‌ನಲ್ಲಿ ಸಿಕ್ಕಿಬೀಳುವುದು ಇದೇ. ಕೆಲಸ ಮಾಡಿದ ಹಾಗೆ ಬರೆಯಬೇಕು, ಬಜೆಟ್ ಇದ್ದ ಹಾಗೆ ಅಲ್ಲ. ಎರಡಕ್ಕೂ ತಾಳೆ ಆಗದಿದ್ದರೆ ಫಂಡರ್ ಜೊತೆ ಮಾತಾಡಿ ಬಜೆಟ್ ತಿದ್ದಿಸಿಕೊಳ್ಳಿ.

ಪ್ರಸ್ತಾವನೆ ಬರೆಯುವಾಗಲೇ ಒಳಗೆ ನುಗ್ಗಿ

ಬಹಳ ಸಂಸ್ಥೆಗಳಲ್ಲಿ ಗ್ರಾಂಟ್ ಸಿಕ್ಕಿದ ಮೇಲೆ ಎಚ್‌ಆರ್‌ಗೆ ಫೋನ್ ಬರುತ್ತದೆ. "ಮುಂದಿನ ತಿಂಗಳೊಳಗೆ ಎಂಟು ಜನ ಬೇಕು" ಅಂತ. ಅಷ್ಟು ಹೊತ್ತಿಗೆ ಸಂಬಳ, ಹುದ್ದೆಯ ಹೆಸರು, ಜನರ ಸಂಖ್ಯೆ ಎಲ್ಲಾ ನಿರ್ಧಾರ ಆಗಿಬಿಟ್ಟಿರುತ್ತದೆ. ಆಗ ನೀವು ಮಾಡುವುದಕ್ಕೆ ಉಳಿಯುವುದು ಜಾಹೀರಾತು ಹಾಕುವುದೊಂದೇ.

ಅದಕ್ಕೇ ಪ್ರಸ್ತಾವನೆ ಕಳಿಸುವ ಮೊದಲು ನಿಮ್ಮ ಕಣ್ಣಿಗೆ ಬೀಳಲೇಬೇಕು ಅನ್ನುವ ನಿಯಮವನ್ನು ಮುಖ್ಯಸ್ಥರಿಂದ ಮಾಡಿಸಿಕೊಳ್ಳಿ. ನೀವು ನೋಡಬೇಕಾದದ್ದು ಒಂದು ಹುದ್ದೆಗೆ ತಗಲುವ ಪೂರ್ತಿ ಖರ್ಚು. ಸಂಬಳ 100 ಅಂತಿಟ್ಟುಕೊಳ್ಳಿ. ಅದರ ಮೇಲೆ ಕಾನೂನಿನ ಪ್ರಕಾರ ಸಂಸ್ಥೆ ಕಟ್ಟಬೇಕಾದ ಪಾಲು, ವಿಮೆ, ವರ್ಷದ ಏರಿಕೆ, ಕೆಲಸ ಮುಗಿದಾಗ ಕೊಡಬೇಕಾದ ಹಣ, ನೇಮಕಾತಿಯ ಖರ್ಚು, ಲ್ಯಾಪ್‌ಟಾಪ್, ತರಬೇತಿ, ಅವರನ್ನು ನೋಡಿಕೊಳ್ಳುವ ಮ್ಯಾನೇಜರ್ ಸಮಯದ ಒಂದು ಪಾಲು. ಹೆರಿಗೆ ರಜೆಗೆ ಹೋದರೆ ಬದಲಿ ಯಾರು, ಆ ದುಡ್ಡು ಎಲ್ಲಿಂದ ಅನ್ನುವುದು ಎಲ್ಲರೂ ಮರೆಯುವ ಸಾಲು. ಎರಡು ಮೂರು ವರ್ಷದ ಪ್ರಾಜೆಕ್ಟ್‌ಗೆ ಮೊದಲ ವರ್ಷದ ಸಂಬಳವನ್ನೇ ಮೂರೂ ವರ್ಷಕ್ಕೆ ಬರೆಯುವುದು ಇನ್ನೊಂದು ಹಳೇ ತಪ್ಪು.

ಇದನ್ನೆಲ್ಲ ಯಾಕೆ ಬಿಡುತ್ತಾರೆ ಅಂದರೆ, ಓವರ್‌ಹೆಡ್ (ಸಂಸ್ಥೆಯನ್ನು ನಡೆಸುವ ಖರ್ಚು) ಕಡಿಮೆ ತೋರಿಸಿದರೆ ಫಂಡರ್ ಖುಷಿ ಆಗುತ್ತಾರೆ ಅನ್ನುವ ನಂಬಿಕೆ. 2009ರಲ್ಲಿ ಆನ್ ಗಾಗಿನ್ಸ್ ಗ್ರೆಗರಿ ಮತ್ತು ಡಾನ್ ಹೊವರ್ಡ್ ಈ ಸುಳಿಯನ್ನು ವಿವರಿಸಿ ಬರೆದರು. ನಿಜವಾಗಿ ಎಷ್ಟು ಖರ್ಚಾಗುತ್ತದೆ ಅಂತ ಫಂಡರ್‌ಗೆ ಗೊತ್ತಿರುವುದಿಲ್ಲ, ಕಡಿಮೆಯಲ್ಲೇ ಮುಗಿಯಬೇಕು ಅಂತ ನಿರೀಕ್ಷಿಸುತ್ತಾರೆ. ಸಂಸ್ಥೆ ಆ ಒತ್ತಡಕ್ಕೆ ಕಡಿಮೆ ತೋರಿಸುತ್ತದೆ. ಆ ಕಡಿಮೆ ಲೆಕ್ಕ ನೋಡಿ ಫಂಡರ್ ಮುಂದಿನ ಸಲ ಇನ್ನೂ ಕಡಿಮೆ ನಿರೀಕ್ಷಿಸುತ್ತಾರೆ. ಹೀಗೆ ಸಂಸ್ಥೆ ತನ್ನನ್ನು ತಾನೇ ಉಪವಾಸ ಕೆಡವಿಕೊಳ್ಳುತ್ತಾ ಹೋಗುತ್ತದೆ. ಅವರು ಅದಕ್ಕೆ ಕೊಟ್ಟ ಹೆಸರೂ 'ಸ್ಟಾರ್ವೇಶನ್ ಸೈಕಲ್' ಅಂತಲೇ. ನೀವು ಒಬ್ಬರೇ ಇದನ್ನು ನಿಲ್ಲಿಸಲು ಆಗಲ್ಲ. ಆದರೆ ನಿಮ್ಮ ಸಂಸ್ಥೆಯಿಂದ ಹೊರಗೆ ಹೋಗುವ ಬಜೆಟ್‌ನಲ್ಲಿ ಜನರ ಖರ್ಚು ಸುಳ್ಳಾಗಿರದಂತೆ ನೋಡಿಕೊಳ್ಳಬಹುದು. ಕೇಳಿದರೆ ಕೊಡುವ ಫಂಡರ್‌ಗಳು ಇದ್ದಾರೆ, ಕೇಳುವವರು ಕಡಿಮೆ.

ನೇಮಕಾತಿ: "ಸೇವಾ ಮನೋಭಾವ"ದ ಬಲೆ

ಎನ್‌ಜಿಒ ಇಂಟರ್‌ವ್ಯೂಗಳಲ್ಲಿ ಅರ್ಧ ಗಂಟೆ "ನಿಮಗೆ ಈ ಕೆಲಸದ ಮೇಲೆ ಯಾಕೆ ಪ್ರೀತಿ" ಅನ್ನುವುದರಲ್ಲೇ ಹೋಗುತ್ತದೆ. ಚೆನ್ನಾಗಿ ಮಾತಾಡುವವರು ಗೆಲ್ಲುತ್ತಾರೆ. ಮಾತು ಕಡಿಮೆ, ಕೆಲಸ ಜಾಸ್ತಿ ಅನ್ನುವವರು ಸೋಲುತ್ತಾರೆ. ಮೌಲ್ಯಗಳನ್ನು ನೋಡಬಾರದು ಅಂತ ನಾನು ಹೇಳುತ್ತಿಲ್ಲ. ಆದರೆ ಅದನ್ನೂ ಅಳೆಯುವ ಹಾಗೆ ಕೇಳಿ. "ಊರಿನ ಜನ ನಿಮ್ಮ ಯೋಜನೆಯನ್ನು ಬೇಡ ಅಂದಾಗ ಏನು ಮಾಡಿದಿರಿ, ಒಂದು ಸಂದರ್ಭ ಹೇಳಿ" ಅಂತ ಕೇಳಿದರೆ ಮೌಲ್ಯ ತಾನಾಗಿ ಹೊರಗೆ ಬರುತ್ತದೆ.

ಕ್ರಮ ಇಷ್ಟೇ. ಹುದ್ದೆಗೆ ನಿಜವಾಗಿ ಬೇಕಾದ ನಾಲ್ಕೈದು ಸಾಮರ್ಥ್ಯಗಳನ್ನು ಮೊದಲು ಬರೆದುಕೊಳ್ಳಿ. ಒಂದೊಂದಕ್ಕೂ ಒಂದೆರಡು ಪ್ರಶ್ನೆ ತಯಾರಿಸಿ. ಎಲ್ಲರಿಗೂ ಅವೇ ಪ್ರಶ್ನೆ, ಅದೇ ಕ್ರಮದಲ್ಲಿ. ಒಳ್ಳೆಯ ಉತ್ತರ ಅಂದರೆ ಯಾವುದು ಅಂತ ಮೊದಲೇ ಒಪ್ಪಿಕೊಂಡಿರಿ. ಇಂಟರ್‌ವ್ಯೂ ಮುಗಿದ ತಕ್ಷಣ, ಒಬ್ಬರಿಗೊಬ್ಬರು ಮಾತಾಡುವ ಮೊದಲು, ಪ್ರತಿಯೊಬ್ಬರೂ ಅಂಕ ಬರೆದುಬಿಡಲಿ. ಇಲ್ಲದಿದ್ದರೆ ಕೋಣೆಯಲ್ಲಿ ದೊಡ್ಡ ಕುರ್ಚಿಯಲ್ಲಿರುವವರ ಅಭಿಪ್ರಾಯವೇ ಎಲ್ಲರ ಅಭಿಪ್ರಾಯ ಆಗುತ್ತದೆ. ಇದು ನನ್ನ ಹಟ ಅಲ್ಲ. 1998ರಲ್ಲಿ ಶ್ಮಿಟ್ ಮತ್ತು ಹಂಟರ್ 85 ವರ್ಷಗಳ ಸಂಶೋಧನೆಗಳನ್ನು ಒಟ್ಟು ಹಾಕಿ ನೋಡಿದಾಗ, ಹೀಗೆ ಕ್ರಮಬದ್ಧವಾಗಿ ಮಾಡಿದ ಇಂಟರ್‌ವ್ಯೂ ಸುಮ್ನೆ ಹರಟೆಯ ಇಂಟರ್‌ವ್ಯೂಗಿಂತ ಮುಂದಿನ ಕೆಲಸವನ್ನು ಚೆನ್ನಾಗಿ ಅಂದಾಜು ಮಾಡುತ್ತದೆ ಎಂದು ಕಂಡಿತು. ಆಯ್ಕೆಯ ಇತರ ವಿಧಾನಗಳ ಬಗ್ಗೆ ಆಮೇಲೆ ವಾದಗಳು ಎದ್ದವು, ಈ ಮಾತು ಮಾತ್ರ ಗಟ್ಟಿಯಾಗಿ ನಿಂತಿದೆ.

ಆಫರ್ ಕೊಡುವಾಗ ಸತ್ಯ ಹೇಳಿ. ಈ ಹುದ್ದೆಯ ಹಣ ಯಾವ ದಿನಾಂಕದವರೆಗೆ ಇದೆ, ಮುಂದುವರಿಯುವ ಸಾಧ್ಯತೆ ಎಷ್ಟು, ಅದು ಗೊತ್ತಾಗುವುದು ಯಾವಾಗ. "ನೋಡೋಣ, ಏನಾದರೂ ಆಗುತ್ತೆ" ಅನ್ನುವುದು ಉತ್ತರ ಅಲ್ಲ. ಮನೆ ಸಾಲ, ಮಕ್ಕಳ ಶಾಲೆ ಅಂತ ಅವರಿಗೂ ಲೆಕ್ಕ ಇರುತ್ತದೆ.

ಮಕ್ಕಳ ಜೊತೆ, ಸಂಕಷ್ಟದಲ್ಲಿರುವವರ ಜೊತೆ ಕೆಲಸ ಮಾಡುವ ಸಂಸ್ಥೆಯಾದರೆ ಹಿಂದಿನ ಸಂಸ್ಥೆಯನ್ನು ವಿಚಾರಿಸುವುದನ್ನು ಎಂದೂ ಬಿಡಬೇಡಿ. ಒಂದು ಕಡೆ ದುರ್ನಡತೆಗಾಗಿ ಹೊರಬಿದ್ದವರು ಸದ್ದಿಲ್ಲದೆ ಇನ್ನೊಂದು ಕಡೆ ಸೇರಿಕೊಳ್ಳುವುದನ್ನು ತಡೆಯಲು 2019ರಲ್ಲಿ 'ಮಿಸ್‌ಕಂಡಕ್ಟ್ ಡಿಸ್‌ಕ್ಲೋಶರ್ ಸ್ಕೀಮ್' ಎಂಬ ವ್ಯವಸ್ಥೆ ಶುರುವಾಯಿತು. ಅದಕ್ಕೆ ಸೇರಿದ ಸಂಸ್ಥೆಗಳು, ಅಭ್ಯರ್ಥಿ ಹಿಂದಿನ 5 ವರ್ಷಗಳಲ್ಲಿ ಕೆಲಸ ಮಾಡಿದ ಕಡೆಗಳಿಗೆ ಬರೆದು, ಲೈಂಗಿಕ ದುರ್ನಡತೆ ಸಾಬೀತಾಗಿತ್ತೇ ಎಂದು ನೇರವಾಗಿ ಕೇಳುತ್ತವೆ. ನಿಮ್ಮ ಸಂಸ್ಥೆ ಅದರಲ್ಲಿ ಇಲ್ಲದಿದ್ದರೂ ಅಭ್ಯರ್ಥಿಯ ಒಪ್ಪಿಗೆ ಪಡೆದು ಇದೇ ಪ್ರಶ್ನೆಯನ್ನು ಕೇಳುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಕಾನೂನು ಏನು ಹೇಳುತ್ತದೆ ಅಂತ ಮಾತ್ರ ವಕೀಲರನ್ನು ಒಮ್ಮೆ ಕೇಳಿಕೊಳ್ಳಿ.

ಸಂಬಳದ ಮಾತು

ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಖಾರ. "ದುಡ್ಡಿಗಾಗಿ ಬಂದವರು ಇಲ್ಲಿ ಉಳಿಯಲ್ಲ" ಅಂತ ಹೆಮ್ಮೆಯಿಂದ ಹೇಳುವ ಸಂಸ್ಥೆಗಳಿವೆ. ಆ ಮಾತು ಹೇಳುವವರ ಹೊಟ್ಟೆ ಸಾಮಾನ್ಯವಾಗಿ ತುಂಬಿರುತ್ತದೆ. ಕೆಲಸದ ಮೇಲಿನ ಪ್ರೀತಿಯನ್ನು ತೋರಿಸಿ ಕಡಿಮೆ ಕೊಡುವುದು, ಭಾನುವಾರ ಕರೆಯುವುದು ಎಲ್ಲಾ ನಮಗೆ ಗೊತ್ತಿಲ್ಲದೆಯೇ ಸರಿ ಅನ್ನಿಸತೊಡಗುತ್ತದೆ. ಜೇ ಕಿಮ್, ಆರನ್ ಕೇ ಮತ್ತು ಜೊತೆಗಾರರು 2020ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ಇದೇ ಕಂಡುಬಂತು. ಒಬ್ಬ ನೌಕರನಿಗೆ ಕೆಲಸದ ಮೇಲೆ ತುಂಬಾ ಪ್ರೀತಿ ಇದೆ ಅಂತ ಹೇಳಿದಾಗ, ಅವನಿಗೆ ಸಂಬಳವಿಲ್ಲದೆ ಹೆಚ್ಚು ಕೆಲಸ ಹೇಳುವುದು, ಅವನದ್ದಲ್ಲದ ಕೆಲಸ ಹಚ್ಚುವುದು ನ್ಯಾಯವೇ ಎಂದು ಜನ ಹೆಚ್ಚು ಒಪ್ಪಿದರು. ಯಾರೂ ಕೆಟ್ಟವರಲ್ಲ. ಪ್ರೀತಿಯೇ ಅವನಿಗೆ ಸಿಗುವ ಸಂಬಳ ಅಂತ ಮನಸ್ಸು ಲೆಕ್ಕ ಹಾಕಿಬಿಡುತ್ತದೆ.

ನಿಮ್ಮ ಕೆಲಸ ಈ ಲೆಕ್ಕಕ್ಕೆ ಅಡ್ಡ ನಿಲ್ಲುವುದು. ಹುದ್ದೆಗಳನ್ನು ಆರೇಳು ಶ್ರೇಣಿಗಳಾಗಿ ವಿಂಗಡಿಸಿ. ಪ್ರತಿ ಶ್ರೇಣಿಗೆ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಬರೆಯಿರಿ. ನಿಮ್ಮಷ್ಟೇ ಗಾತ್ರದ ಬೇರೆ ಸಂಸ್ಥೆಗಳು ಎಷ್ಟು ಕೊಡುತ್ತವೆ ಅಂತ ವಿಚಾರಿಸಿ. ಆ ಪಟ್ಟಿ ಎಲ್ಲರ ಕಣ್ಣಿಗೂ ಬೀಳಲಿ, ಜಾಹೀರಾತಿನಲ್ಲೂ ಹಾಕಿ. ಅಭ್ಯರ್ಥಿಯ ಹಿಂದಿನ ಸಂಬಳ ಕೇಳಬೇಡಿ. ಕಡಿಮೆ ಸಂಬಳದಲ್ಲಿ ಶುರು ಮಾಡಿದವರು, ಅದರಲ್ಲೂ ಹೆಂಗಸರು, ಆ ಸಂಖ್ಯೆಯನ್ನು ಜೀವನವೆಲ್ಲ ಹೊತ್ತು ತಿರುಗುವ ಹಾಗಾಗುತ್ತದೆ. ಇನ್ನೊಂದು ಕಿರಿಕಿರಿ ಗೊತ್ತಿರಲಿ. ಒಬ್ಬ ದೊಡ್ಡ ಫಂಡರ್ ಬಂದಾಗ ಆ ಪ್ರಾಜೆಕ್ಟ್‌ನವರಿಗೆ ಮಾತ್ರ ಜಾಸ್ತಿ ಸಂಬಳ ಸಿಗುತ್ತದೆ. ಪಕ್ಕದ ಮೇಜಿನಲ್ಲಿ ಅದೇ ಕೆಲಸ ಮಾಡುವವರಿಗೆ ಕಡಿಮೆ. ಇದು ಒಳಗೊಳಗೇ ಕೊರೆಯುತ್ತದೆ. ಸಂಬಳ ಹುದ್ದೆಗೆ, ಗ್ರಾಂಟ್‌ಗೆ ಅಲ್ಲ ಅನ್ನುವ ನಿಯಮವನ್ನು ಮೊದಲೇ ಬೋರ್ಡ್‌ನಿಂದ ಒಪ್ಪಿಗೆ ಮಾಡಿಸಿಟ್ಟುಕೊಂಡರೆ ಫಂಡರ್ ಮುಂದೆ ಮಾತಾಡಲು ಬಲ ಬರುತ್ತದೆ.

ನಾಲ್ಕು ತರದ ಜನ, ನಾಲ್ಕು ತರದ ಕಾಗದ

ನೌಕರರು, ಕನ್ಸಲ್ಟೆಂಟ್‌ಗಳು, ಇಂಟರ್ನ್‌ಗಳು, ಸ್ವಯಂಸೇವಕರು. ಇವರನ್ನು ಕಲಸುಮೇಲೋಗರ ಮಾಡಬೇಡಿ. ದಿನಾ ಬೆಳಿಗ್ಗೆ ಹಾಜರಿ ಹಾಕಿ, ಮ್ಯಾನೇಜರ್ ಹೇಳಿದಂತೆ ವರ್ಷಗಟ್ಟಲೆ ಕೆಲಸ ಮಾಡುವವರನ್ನು ಕನ್ಸಲ್ಟೆಂಟ್ ಅಂತ ಕರೆದರೆ ಕಾಗದ ಬದಲಾಗುತ್ತದೆ, ವಾಸ್ತವ ಬದಲಾಗಲ್ಲ. ನ್ಯಾಯಾಲಯಗಳು ಸಾಮಾನ್ಯವಾಗಿ ನೋಡುವುದು ವಾಸ್ತವವನ್ನೇ. ಸ್ವಯಂಸೇವಕರಿಗೂ ಒಂದು ಪುಟದ ಒಪ್ಪಂದ ಇರಲಿ: ಏನು ಕೆಲಸ, ಎಷ್ಟು ಗಂಟೆ, ಯಾರನ್ನು ಕೇಳಬೇಕು, ಓಡಾಟದ ಖರ್ಚು ಯಾರದು, ಏಟು ಬಿದ್ದರೆ ಯಾರು ನೋಡಿಕೊಳ್ಳುತ್ತಾರೆ. ಸಂಬಳ ಉಳಿಸಲು ಸಂಬಳದ ಹುದ್ದೆಗೆ ಸ್ವಯಂಸೇವಕರನ್ನು ತಂದು ಕೂರಿಸುವುದನ್ನು ಕಂಡರೆ ಬೇಡ ಎನ್ನಿ.

ಮ್ಯಾನೇಜರ್‌ಗಳ ಪಕ್ಕ ಕೂರುವುದು

ಫೀಲ್ಡ್‌ನಲ್ಲಿ ಅದ್ಭುತವಾಗಿ ಕೆಲಸ ಮಾಡಿದವರನ್ನು ಬಡ್ತಿ ಕೊಟ್ಟು ಮ್ಯಾನೇಜರ್ ಮಾಡುತ್ತಾರೆ. ಜನರನ್ನು ನೋಡಿಕೊಳ್ಳುವುದು ಬೇರೆಯೇ ಕಸುಬು ಅಂತ ಯಾರೂ ಹೇಳಿಕೊಟ್ಟಿರುವುದಿಲ್ಲ. ಎರಡು ದಿನದ ಟ್ರೈನಿಂಗ್‌ನಿಂದ ಇದು ಬರಲ್ಲ. ತಿಂಗಳಿಗೊಮ್ಮೆ ಒಂದು ಗಂಟೆ ಅವರ ಜೊತೆ ಕೂತು "ನಿಮ್ಮ ಟೀಮ್‌ನಲ್ಲಿ ಈಗ ಯಾರ ಬಗ್ಗೆ ಚಿಂತೆ ಇದೆ" ಅಂತ ಒಂದೇ ಪ್ರಶ್ನೆ ಕೇಳಿ. ಉಳಿದದ್ದು ಅವರೇ ಹೇಳುತ್ತಾರೆ. ಕಷ್ಟದ ಮಾತು ಆಡಬೇಕಿದ್ದರೆ ಮೊದಲು ನಿಮ್ಮ ಜೊತೆ ಆಡಿ ಅಭ್ಯಾಸ ಮಾಡಲಿ. ಅವರ ಪರವಾಗಿ ನೀವೇ ಹೋಗಿ ಆಡಬೇಡಿ. ಒಂದು ಸಲ ಆಡಿದರೆ ಮುಂದೆಂದೂ ಅವರು ಆಡುವುದಿಲ್ಲ.

ಅಪ್ರೈಸಲ್ ವಿಷಯದಲ್ಲಿ ಎನ್‌ಜಿಒಗೆ ಒಂದು ವಿಶೇಷ ತೊಡಕು. ಕಂಪನಿಯಲ್ಲಿ ಮಾರಾಟ ಎಷ್ಟು ಅಂತ ಎಣಿಸಬಹುದು. ಇಲ್ಲಿ ಶಾಲೆ ಬಿಟ್ಟ ಮಗು ಮತ್ತೆ ಶಾಲೆಗೆ ಹೋಗುವುದು ಒಬ್ಬ ಕಾರ್ಯಕರ್ತರ ಕೈಯಲ್ಲಿ ಮಾತ್ರ ಇಲ್ಲ. ಮನೆಯ ಪರಿಸ್ಥಿತಿ, ಸರ್ಕಾರ, ಮಳೆ ಬೆಳೆ ಎಲ್ಲವೂ ಸೇರುತ್ತದೆ. ಹಾಗಾಗಿ ಪ್ರಾಜೆಕ್ಟ್‌ನ ಗುರಿಯನ್ನು ತೆಗೆದು ವ್ಯಕ್ತಿಯ ತಲೆ ಮೇಲೆ ಇಡಬೇಡಿ. ಅವರ ಕೈಯಲ್ಲಿರುವುದನ್ನು ನೋಡಿ: ಮನೆ ಭೇಟಿ ಸರಿಯಾಗಿ ಆಯಿತೇ, ದಾಖಲೆ ನಿಜವೇ, ಜೊತೆಯವರಿಗೆ ನೆರವಾದರೇ. ಗುರಿ ಮುಟ್ಟದಿದ್ದರೆ ಸಂಬಳ ಏರಿಕೆ ಇಲ್ಲ ಅಂದರೆ ಏನಾಗುತ್ತದೆ ಗೊತ್ತಲ್ವಾ? ಗುರಿ ಕಾಗದದ ಮೇಲೆ ಮುಟ್ಟಿರುತ್ತದೆ.

ದೂರು ಬಂದಾಗ

ಈ ಭಾಗವನ್ನು ನಿಧಾನವಾಗಿ ಓದಿ. ಎಲ್ಲಕ್ಕಿಂತ ಹೆಚ್ಚು ತಪ್ಪಾಗುವುದು ಇಲ್ಲೇ.

ಸೇವಾ ಸಂಸ್ಥೆಯ ಕೈಯಲ್ಲಿ ಅಧಿಕಾರ ಇರುತ್ತದೆ. ಯಾರಿಗೆ ನೆರವು ಸಿಗಬೇಕು ಅಂತ ನಿರ್ಧರಿಸುವ ಅಧಿಕಾರ. ಅದರ ದುರುಪಯೋಗ ಆದದ್ದು ಬೆಳಕಿಗೆ ಬಂದ ಮೇಲೆ 2003ರಲ್ಲಿ ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಒಂದು ಕಟ್ಟುನಿಟ್ಟಿನ ಆದೇಶ ಹೊರಡಿಸಿದರು. ಹಣ, ಕೆಲಸ, ವಸ್ತು, ನೆರವು ಯಾವುದಕ್ಕೂ ಬದಲಾಗಿ ಲೈಂಗಿಕ ಸಂಬಂಧ ಕೂಡದು. ಸ್ಥಳೀಯ ಕಾನೂನು ಏನೇ ಹೇಳಲಿ, 18 ವರ್ಷದೊಳಗಿನವರ ಜೊತೆ ಕೂಡದು. ಸಂಶಯ ಬಂದರೆ ತಿಳಿಸುವುದು ಪ್ರತಿಯೊಬ್ಬ ಸಿಬ್ಬಂದಿಯ ಹೊಣೆ. ಇಂದು ಎಷ್ಟೋ ಸಂಸ್ಥೆಗಳ ನಡತೆ ಸಂಹಿತೆಯ ಬುಡದಲ್ಲಿರುವುದು ಇದೇ. ಇನ್ನು ಕೆಲಸದ ಜಾಗದ ಹಿಂಸೆ, ಕಿರುಕುಳದ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರಲ್ಲಿ 190ನೇ ಒಡಂಬಡಿಕೆಯನ್ನು ಅಂಗೀಕರಿಸಿತು. 2021ರ ಜೂನ್ 25ರಂದು ಅದು ಜಾರಿಗೆ ಬಂತು. ನಮಗೆ ಮುಖ್ಯವಾದದ್ದು, ಅದರಲ್ಲಿ ಸ್ವಯಂಸೇವಕರು, ಇಂಟರ್ನ್‌ಗಳು, ಕೆಲಸಕ್ಕೆ ಅರ್ಜಿ ಹಾಕಿದವರು ಕೂಡ ಸೇರುತ್ತಾರೆ. ನಿಮ್ಮ ಪಾಲಿಸಿ ಕಾಯಂ ನೌಕರರಿಗೆ ಮಾತ್ರ ಅಂತ ಇದ್ದರೆ ಇವತ್ತೇ ತಿದ್ದಿ.

ದೂರು ಹೇಳಲು ಒಬ್ಬರು ಬಂದರು ಅನ್ನಿ. ಬಾಗಿಲು ಹಾಕಿ, ಫೋನ್ ಪಕ್ಕಕ್ಕಿಡಿ. "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬೇಡಿ, ಉಳಿಸಿಕೊಳ್ಳಲು ಆಗಲ್ಲ. "ತಿಳಿಯಲೇಬೇಕಾದವರಿಗೆ ಮಾತ್ರ ಹೇಳುತ್ತೇನೆ, ಹೇಳುವ ಮೊದಲು ನಿಮಗೆ ತಿಳಿಸುತ್ತೇನೆ" ಎನ್ನಿ. ಅವರ ಮಾತಿನಲ್ಲೇ ಬರೆದುಕೊಳ್ಳಿ. ನಿಮ್ಮ ವ್ಯಾಖ್ಯಾನ ಬೆರೆಸಬೇಡಿ. ಈಗ ಅವರು ಸುರಕ್ಷಿತವಾಗಿದ್ದಾರೆಯೇ, ನಾಳೆ ಅದೇ ವ್ಯಕ್ತಿಯ ಜೊತೆ ಫೀಲ್ಡ್‌ಗೆ ಹೋಗಬೇಕಾಗಿದೆಯೇ ಅಂತ ಕೇಳಿ. ಬೇಕಿದ್ದರೆ ಡ್ಯೂಟಿ ಬದಲಿಸಿ. ಆದರೆ ದೂರು ಕೊಟ್ಟವರನ್ನೇ ಎತ್ತಿ ಬೇರೆ ಕಡೆ ಹಾಕುವುದು ಅವರಿಗೇ ಶಿಕ್ಷೆ ಕೊಟ್ಟ ಹಾಗೆ. ಆಮೇಲೆ ವಿಚಾರಣೆಯ ಹೊಣೆ ಇರುವವರಿಗೆ ತಕ್ಷಣ ಒಪ್ಪಿಸಿ. ನೀವೇ ಪತ್ತೇದಾರಿಕೆಗೆ ಇಳಿಯಬೇಡಿ. ಆರೋಪ ಹೊತ್ತವರಿಗೂ ತಮ್ಮ ಮಾತು ಹೇಳುವ ಅವಕಾಶ ಸಿಗಲೇಬೇಕು. ಅಪರಾಧದ ವಿಷಯವಾದರೆ, ಅದರಲ್ಲೂ ಮಗುವಿನ ವಿಷಯವಾದರೆ, ಒಳಗಿನ ವಿಚಾರಣೆಗೆ ಕಾಯದೆ ಕಾನೂನು ಹೇಳಿದಂತೆ ಹೊರಗೆ ತಿಳಿಸಬೇಕಾಗುತ್ತದೆ.

ದೂರು ಸಂಸ್ಥೆಯ ಮುಖ್ಯಸ್ಥರ ಮೇಲೆಯೇ ಇದ್ದರೆ? ನಿಮ್ಮ ಸಂಬಳಕ್ಕೆ ಸಹಿ ಹಾಕುವವರು ಅವರೇ. ಈ ಅಡಕತ್ತರಿಯಲ್ಲಿ ಸಿಕ್ಕಿಕೊಂಡ ಮೇಲೆ ದಾರಿ ಹುಡುಕಲು ಆಗಲ್ಲ. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ, ಎಲ್ಲರೂ ನಗುನಗುತ್ತಾ ಇರುವಾಗಲೇ, ಬೋರ್ಡ್‌ನ ಒಬ್ಬ ಸದಸ್ಯರಿಗೆ ನೀವು ನೇರವಾಗಿ ಬರೆಯಬಹುದು ಎಂದು ಪಾಲಿಸಿಯಲ್ಲಿ ಸೇರಿಸಿಕೊಂಡುಬಿಡಿ. ಒಳ್ಳೆಯ ಮುಖ್ಯಸ್ಥರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಬೇಸರ ಮಾಡಿಕೊಂಡರೆ ನಿಮಗೆ ಒಂದು ವಿಷಯ ಬೇಗ ಗೊತ್ತಾದ ಹಾಗಾಯಿತು.

"ಎಚ್‌ಆರ್ ಯಾರ ಕಡೆ" ಅಂತ ಜನ ಕೇಳುತ್ತಾರೆ. ಸಂಸ್ಥೆ ನಿಮಗೆ ಸಂಬಳ ಕೊಡುತ್ತದೆ ಅನ್ನುವುದನ್ನು ಮುಚ್ಚಿಡಬೇಡಿ. ನಾನು ಹೇಳುವುದು ಹೀಗೆ: "ತೀರ್ಮಾನ ನನ್ನದಲ್ಲ. ಆದರೆ ಕ್ರಮ ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವುದು ನನ್ನದು."

ಸುಸ್ತು

ಫೀಲ್ಡ್‌ನವರು ದಿನಾ ಜನರ ದುಃಖ ಕೇಳುತ್ತಾರೆ. ಕೇಳಿದ ದುಃಖ ಮನೆಗೂ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗಗಳ ವರ್ಗೀಕರಣದ 11ನೇ ಆವೃತ್ತಿಯಲ್ಲಿ ಬರ್ನ್‌ಔಟ್ ಬಗ್ಗೆ ಸ್ಪಷ್ಟವಾಗಿ ಬರೆಯಿತು. ಅದು ಕಾಯಿಲೆ ಅಲ್ಲ, ಕೆಲಸಕ್ಕೆ ಸಂಬಂಧಪಟ್ಟ ಸ್ಥಿತಿ. ಗುರುತುಗಳು ಮೂರು: ಶಕ್ತಿ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರವಾಗಿ ಕಹಿಯಾಗುವುದು, ತನ್ನಿಂದ ಏನೂ ಆಗುತ್ತಿಲ್ಲ ಅನ್ನಿಸುವುದು. ನಮ್ಮಲ್ಲಿ ಎರಡನೆಯದನ್ನು "ಇತ್ತೀಚೆಗೆ ಅವರ ಆಟಿಟ್ಯೂಡ್ ಸರಿ ಇಲ್ಲ" ಅಂತ ಬರೆದುಬಿಡುತ್ತಾರೆ.

ಕೆಲಸಕ್ಕೆ ಸಂಬಂಧಪಟ್ಟದ್ದು ಅಂದ ಮೇಲೆ ಮದ್ದೂ ಕೆಲಸದಲ್ಲೇ ಇರಬೇಕು. ಈ ವಿಷಯವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಮೈಕೆಲ್ ಲೈಟರ್ ಆರು ಕಡೆ ನೋಡಿ ಅನ್ನುತ್ತಾರೆ: ಕೆಲಸದ ಹೊರೆ, ತನ್ನ ಕೆಲಸದ ಮೇಲೆ ತನಗಿರುವ ಹಿಡಿತ, ಸಿಗುವ ಪ್ರತಿಫಲ, ಜೊತೆಗಾರರ ಸಂಬಂಧ, ನ್ಯಾಯ, ಮೌಲ್ಯ. ಎನ್‌ಜಿಒದವರು ಆರನೆಯದೊಂದನ್ನೇ ನೆಚ್ಚಿಕೊಂಡು ಉಳಿದ ಐದನ್ನು ಮರೆಯುತ್ತಾರೆ. ಶುಕ್ರವಾರ ಧ್ಯಾನದ ಕ್ಲಾಸ್ ಇಟ್ಟು ಶನಿವಾರ ವರದಿ ಕೇಳಿದರೆ ಏನು ಪ್ರಯೋಜನ? ಒಬ್ಬರ ಕೈಯಲ್ಲಿ ಎಷ್ಟು ಕುಟುಂಬಗಳಿವೆ ಅಂತ ಎಣಿಸಿ, ಮಿತಿ ಹಾಕಿ. ತೀವ್ರವಾದ ಪ್ರಕರಣದ ನಂತರ ಒಂದು ದಿನ ಬಿಡುವನ್ನು ನಿಯಮವಾಗಿಯೇ ಮಾಡಿ, ಕೇಳಿ ಪಡೆಯುವ ಹಾಗೆ ಇಡಬೇಡಿ. ಕೇಳಲು ಯಾರಿಗೂ ಮನಸ್ಸು ಬರುವುದಿಲ್ಲ.

ಬೋರ್ಡ್ ಮುಂದೆ ಇಡುವ ಅಂಕಿ

ಎರಡು ಮೂರು ಅಂಕಿ ಸಾಕು. ವರ್ಷದಲ್ಲಿ ಬಿಟ್ಟುಹೋದವರನ್ನು ಆ ವರ್ಷದ ಸರಾಸರಿ ಸಿಬ್ಬಂದಿಯಿಂದ ಭಾಗಿಸಿ 100ರಿಂದ ಗುಣಿಸಿ. 40 ಜನರಲ್ಲಿ 10 ಮಂದಿ ಹೋದರೆ ಶೇ. 25. ಆದರೆ ಇಷ್ಟಕ್ಕೇ ನಿಲ್ಲಿಸಬೇಡಿ. ಆ 10ರಲ್ಲಿ ಪ್ರಾಜೆಕ್ಟ್ ಮುಗಿದು ಹೋದವರು ಎಷ್ಟು, ತಾವಾಗಿಯೇ ಹೋದವರು ಎಷ್ಟು? 6 ಮಂದಿ ಪ್ರಾಜೆಕ್ಟ್ ಮುಗಿದು ಹೋಗಿದ್ದರೆ, ತಾವಾಗಿ ಹೋದವರ ಪ್ರಮಾಣ ಶೇ. 10. ಮೊದಲನೆಯದು ಹಣದ ಯೋಜನೆಯ ಸಮಸ್ಯೆ, ಎರಡನೆಯದು ಜನರ ಸಮಸ್ಯೆ. ಎರಡಕ್ಕೂ ಮದ್ದು ಬೇರೆ. ಜೊತೆಗೆ, ಮುಂದಿನ ಆರು ತಿಂಗಳಲ್ಲಿ ಎಷ್ಟು ಹುದ್ದೆಗಳ ಹಣ ಮುಗಿಯುತ್ತದೆ ಅನ್ನುವುದನ್ನು ಪ್ರತಿ ಮೀಟಿಂಗ್‌ನಲ್ಲೂ ಇಡಿ. ನಿಮ್ಮ ಮೊದಲ ತಿಂಗಳ ಪಟ್ಟಿ ಇದ್ದರೆ ಇದು ಹತ್ತು ನಿಮಿಷದ ಕೆಲಸ.

ಪ್ರಾಜೆಕ್ಟ್ ಮುಗಿಯುವಾಗ

ನನ್ನ ಕ್ಯಾಲೆಂಡರ್ ಹೀಗಿರುತ್ತದೆ. ಆರು ತಿಂಗಳು ಮೊದಲು ಆ ತಂಡದ ಪ್ರತಿಯೊಬ್ಬರ ಜೊತೆ ಒಂದು ಸುತ್ತು ಮಾತು. ಏನು ಗೊತ್ತಿದೆ, ಏನು ಗೊತ್ತಿಲ್ಲ, ಯಾವ ದಿನ ಗೊತ್ತಾಗುತ್ತದೆ, ಈ ಮೂರನ್ನು ಹೇಳುತ್ತೇನೆ. "ಇನ್ನೂ ಏನೂ ಗೊತ್ತಿಲ್ಲ" ಅನ್ನುವುದೂ ಒಂದು ಸುದ್ದಿಯೇ. ಯಾರೂ ಏನೂ ಹೇಳದಿದ್ದಾಗಲೇ ಗಾಳಿಮಾತು ಏಳುವುದು. ಮೂರು ತಿಂಗಳು ಮೊದಲು, ಒಳಗೆ ಬೇರೆ ಹುದ್ದೆ ಸಿಗುವವರ ಪಟ್ಟಿ, ಸಿಗದವರ ಪಟ್ಟಿ. ಸಿಗದವರಿಗೆ ಬಯೋಡೇಟಾ ಬರೆಯಲು ನೆರವು, ಇಂಟರ್‌ವ್ಯೂಗೆ ಹೋಗಲು ರಜೆ, ಪರಿಚಯದ ಸಂಸ್ಥೆಗಳಿಗೆ ಒಂದು ಫೋನ್. ಲಿಖಿತ ನೋಟಿಸ್ ಕಾನೂನು ಮತ್ತು ಕಾಂಟ್ರಾಕ್ಟ್ ಹೇಳಿದ ಗಡುವಿನೊಳಗೆ, ಮ್ಯಾನೇಜರ್ ಮುಖತಃ ಹೇಳಿದ ಮೇಲೆಯೇ. ಯಾರಿಗೂ ಇದು ಇಮೇಲ್‌ನಲ್ಲಿ ಮೊದಲು ಗೊತ್ತಾಗಬಾರದು. ಕೊನೆಯ ದಿನ ಅನುಭವ ಪತ್ರ ಮತ್ತು ಬಾಕಿಯ ಲೆಕ್ಕ ಎರಡೂ ಕೈಯಲ್ಲಿ. "ಮುಂದಿನ ವಾರ ಬನ್ನಿ" ಅನ್ನಬೇಡಿ.

ಅವರ ಫೋನ್ ನಂಬರ್, ಒಪ್ಪಿಗೆ ಕೇಳಿ, ಬೇರೆ ಪಟ್ಟಿಯಲ್ಲಿ ಇಟ್ಟುಕೊಳ್ಳಿ. ಹೊಸ ಗ್ರಾಂಟ್ ಬಂದಾಗ ಮೊದಲ ಕರೆ ಹೋಗಬೇಕಾದದ್ದು ಅವರಿಗೆ. ಒಂಬತ್ತು ಕಾಂಟ್ರಾಕ್ಟ್‌ಗೆ ಸಹಿ ಹಾಕಿದ್ದವರಿಗೆ ನಾನೂ ಅವತ್ತೇ ಸಂಜೆ ಫೋನ್ ಮಾಡಿದ್ದೆ. ಗ್ರಾಂಟ್ ಬಂದಿದೆ, ಎರಡು ವರ್ಷಕ್ಕೆ ಇದೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಿನ್ನೆ ಬೇರೆ ಕಡೆ ಒಪ್ಪಿಕೊಂಡುಬಿಟ್ಟೆ ಮೇಡಂ" ಅಂದರು.